ತಾನಾಗಿ ಹಾರಿದ ಗುಂಡು

ಆ ಬಂದೂಕು ತಾನಾಗಿ ಹಾರಲಿಲ್ಲ. ನಾನು ಬೇಕೆಂದು ಹಾರಿಸಲಿಲ್ಲ ಎಂಬುದೂ ನಿಜವೇ — ಆದರೆ ಆ ನಿಜವನ್ನು ಮೊದಲ ಸಾಲಿಗೇ ತಂದು ನಿಲ್ಲಿಸುವುದು ನುಣುಚಿಕೊಳ್ಳುವ ಒಂದು ದಾರಿ. ಇನ್ನೊಮ್ಮೆ ಬರೆಯುತ್ತೇನೆ. ಗೆಳೆಯ ಪೊನ್ನಪ್ಪನ ಎಡಗಿವಿಯ ಪಕ್ಕದಲ್ಲಿ ಗುಂಡು ಹಾರಿದ್ದು ನನ್ನ ತಪ್ಪಿನಿಂದ. ಹಾರಿದ ಮೇಲೆ ಅವನ ಮುಖ ನೋಡಿ ‘ತಾನಾಗೇ ಹಾರ್ತು’ ಎಂದೆ. ಅವನು ನಂಬಿದ. ನಂಬಿ, ಆ ತಪ್ಪನ್ನು ತನ್ನ ಕೈಗಳ ಮೇಲೆ ಹಾಕಿಕೊಂಡ. ಅದು ಅಲ್ಲೇ ಇರಲಿ ಎಂದು ನಾನು ವರ್ಷಗಟ್ಟಲೆ ಬಿಟ್ಟೆ.

ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ಆ ದಿನದ ಪುಟ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿಯೂ ನಾನು ಅದೇ ಸುಳ್ಳನ್ನು ಬರೆದಿಟ್ಟಿದ್ದೇನೆ. ಯಾರೂ ಓದದ ಪುಟದಲ್ಲಿ ಮನುಷ್ಯ ಯಾರಿಗಾಗಿ ಸುಳ್ಳು ಬರೆಯುತ್ತಾನೆ? ಗೊತ್ತಿಲ್ಲ. ಮುಂದೊಂದು ದಿನ ನಾನೇ ಅದನ್ನು ಓದಿ ನಂಬಲಿ ಎಂದಿದ್ದರೂ ಇರಬಹುದು.

ಬಂದೂಕಿನ ವಿಷಯ ಮೊದಲು ಹೇಳಬೇಕು. ಸ್ಪೇನಿನಲ್ಲಿ ಮಾಡಿದ್ದು, ಪಕ್ಕಪಕ್ಕದಲ್ಲಿ ಎರಡು ನಳಿಗೆ, ಎರಡಕ್ಕೂ ಬೇರೆಬೇರೆ ಟ್ರಿಗರ್. ಹಕ್ಕಿ, ಮೊಲಗಳ ಬೇಟೆಗೆ ಬಳಸುವಂಥದ್ದು. ಕೆನಡಾದಲ್ಲಿ, ಅರೋರಾ ಊರಿನ ಆಚೆ ಬೇಟೆ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹಳೆಯ ಬಂದೂಕುಗಳ ಸಾಲಿನ ಕಟ್ಟಕಡೆಗೆ ನಿಂತಿತ್ತು. ಇಂಗ್ಲೆಂಡಿನ, ಇಟಲಿಯ ಬಂದೂಕುಗಳ ಪಕ್ಕದಲ್ಲಿ ಅದು ಮದುವೆಮನೆಗೆ ಬಾಡಿಗೆ ಕೋಟು ಹಾಕಿಕೊಂಡು ಬಂದವನ ಹಾಗೆ ಕಾಣುತ್ತಿತ್ತು. ಉಕ್ಕಿನ ಮೇಲೆ ಕೆತ್ತಿದ ಬಳ್ಳಿ ಅಚ್ಚೊತ್ತಿದ್ದೆಂದು ಯಾರಿಗಾದರೂ ತಿಳಿಯುವಂತಿತ್ತು. ಚಳಿಗಾಲಕ್ಕೆ ಕಾರಿಗೆ ಹಾಕುವ ನಾಲ್ಕು ಸ್ನೋ ಟಯರಿಗಿಂತ ಅಗ್ಗ. ನನಗೆ ಅದೇ ಹಿಡಿಸಿತು.

ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದವನು ಪೊನ್ನಪ್ಪ. ವಿರಾಜಪೇಟೆ ಕಡೆಯವನು, ಮೆಕ್ಯಾನಿಕಲ್ ಎಂಜಿನಿಯರು, ಬ್ರಾಂಪ್ಟನ್ನಿನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಜಾರ್ಜ್‌ಟೌನಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವನ ಮನೆ. ನಾನು ಧಾರವಾಡದವನು, ಕೆಮಿಸ್ಟ್ರಿ ಓದಿದವನು, ಮಿಸ್ಸಿಸಾಗಾದ ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿದ್ದೆ. ಊರಲ್ಲಿ ಇದ್ದಿದ್ದರೆ ನಾವಿಬ್ಬರೂ ಭೇಟಿಯಾಗುತ್ತಿರಲಿಲ್ಲ. ಇಲ್ಲಿ ಕೆಲಸಕ್ಕೆ ಹೋಗುವ ಒಂದೇ ಗೋ ಟ್ರೈನಿನಲ್ಲಿ ಕನ್ನಡ ಕೇಳಿಸಿತು, ಅಷ್ಟೇ ಸಾಕಾಯಿತು. ನಾನು ‘ಬಂದೂಕು’ ಎನ್ನುತ್ತಿದ್ದೆ, ಅವನು ‘ಕೋವಿ’ ಎನ್ನುತ್ತಿದ್ದ.

“ಕುಲಕರ್ಣಿ ಕೈಯಲ್ಲಿ ಕೋವಿ! ನಿನ್ನ ಅಜ್ಜ ನೋಡಿದ್ರೆ ಎಂತ ಹೇಳ್ತಿದ್ರು ಮಾರಾಯ?” ಎಂದ ಅವನು ಅಂಗಡಿಯಲ್ಲಿ.

“ನಮ್ಮಜ್ಜ ಇಲೀ ಬೋನ್ ಇಡ್ಲಿಕ್ಕೂ ಅಂಜತಿದ್ದಾ,” ಎಂದೆ. ಕೌಂಟರಿನ ಹಿಂದಿದ್ದವನಿಗೆ ಏನೂ ಅರ್ಥವಾಗದಿದ್ದರೂ ಅವನೂ ನಕ್ಕ.

ಈ ದೇಶದಲ್ಲಿ ಬಂದೂಕಿನ ಲೈಸೆನ್ಸು ಬೇಕೆಂದರೆ ಕೋರ್ಸು ಮುಗಿಸಿ, ಪರೀಕ್ಷೆ ಬರೆದು, ಹೆಂಡತಿಗೂ ವಿಷಯ ತಿಳಿಸಬೇಕು. ಅರ್ಜಿಗೆ ಸಹಿ ಹಾಕುವಾಗ ನನ್ನ ಹೆಂಡತಿ ಸುನಂದಾ, “ಮದುವಿ ಮುಂದ ನನ್ನ ಯಾರೂ ಒಂದ್ ಮಾತ ಕೇಳ್ಲಿಲ್ಲ. ಬಂದೂಕಕ್ಕ ಕೆನಡಾ ಸರ್ಕಾರ ಕೇಳ್ಲಿಕ್ಕತ್ತದ, ನೋಡ್ರಿ,” ಎಂದಳು. ಅಡುಗೆಮನೆಯಲ್ಲಿ ಮಾಂಸ ಕಾಲಿಡಕೂಡದು ಎಂಬ ಒಂದು ಷರತ್ತು ಹಾಕಿದಳು. ಹೊಡೆದದ್ದೆಲ್ಲ ಪೊನ್ನಪ್ಪನ ಮನೆಗೆ ಹೋಗುತ್ತಿತ್ತು. ಎಲ್ಲ ಎಂದೆ — ಹೊಡೆಯುತ್ತಿದ್ದವನೂ ಹೆಚ್ಚಾಗಿ ಅವನೇ.

ಅಗ್ಗದ ಬಂದೂಕಿನ ದೋಷ ಮೊದಲ ದಿನವೇ ಗೊತ್ತಾಯಿತು. ಬಲ ನಳಿಗೆಯ ಟ್ರಿಗರು ವಿಪರೀತ ಬಿಗಿ. ನಾನು ಎಳೆಯುವಷ್ಟರಲ್ಲಿ ಹಕ್ಕಿ ಮರದಾಚೆ. “ಇದು ಟ್ರಿಗರಲ್ಲ, ಬಾವಿಯಿಂದ ನೀರು ಸೇದಿದ ಹಾಗೆ ಉಂಟು,” ಎಂದ ಪೊನ್ನಪ್ಪ ಅದನ್ನು ತನ್ನ ಗರಾಜಿಗೆ ತೆಗೆದುಕೊಂಡು ಹೋದ.

ಆ ಗರಾಜು ಜಾರ್ಜ್‌ಟೌನಿನಿಂದ ರಿಚ್ಮಂಡ್ ಹಿಲ್‌ವರೆಗಿನ ಕನ್ನಡದ ಮನೆಗಳಿಗೆಲ್ಲ ಗೊತ್ತಿದ್ದ ಜಾಗ. ಊರಿನಿಂದ ತಂದು ಇಲ್ಲಿಯ ಕರೆಂಟಿಗೆ ಸರಿಯಾಗಿ ತಿರುಗದ ಮಿಕ್ಸರು, ಹಿಡಿ ಮುರಿದ ಕುಕ್ಕರು, ಸ್ವರ ಹೊರಡದ ಹಾರ್ಮೋನಿಯಂ — ಎಲ್ಲ ಅಲ್ಲಿಗೆ ಬರುತ್ತಿದ್ದವು. ‘ಪೊನ್ನಪ್ಪ ಕ್ಲಿನಿಕ್’ ಎಂದು ಜನ ತಮಾಷೆ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ಅವನು ನೋಡುತ್ತಿದ್ದದ್ದು ಬರೀ ಡ್ರಾಯಿಂಗು. ಕೈಯಾಡಿಸುವ ಸುಖ ಅವನಿಗೆ ಸಿಗುತ್ತಿದ್ದದ್ದು ಇಲ್ಲಿ.

ಬಂದೂಕು ಬಿಚ್ಚಿ ಒಳಗಿನದನ್ನು ನನಗೆ ತೋರಿಸಿದ. ಒಳಗೊಂದು ಸಣ್ಣ ಸುತ್ತಿಗೆ, ಟ್ರಿಗರ್ ಎಳೆಯುವ ತನಕ ಅದನ್ನು ಹಿಡಿದು ನಿಲ್ಲಿಸುವ ಒಂದು ಕೊಕ್ಕೆ. ಕೊಕ್ಕೆಯ ಅಂಚು ಒರಟಾಗಿದ್ದರಿಂದ ಎಳೆತ ಬಿಗಿ. ನುಣುಪು ಕಲ್ಲಿನಿಂದ ಅದನ್ನು ಉಜ್ಜಿದ. ಅತಿಯಾಗಿ ಉಜ್ಜಿದರೆ ಕೊಕ್ಕೆ ತಾನಾಗಿ ಜಾರುತ್ತದೆ, ಆಗ ಸೇಫ್ಟಿ ಹಾಕಿದ್ದರೂ ಉಪಯೋಗವಿಲ್ಲ, ಈ ಜಾತಿಯ ಕೋವಿಯಲ್ಲಿ ಸೇಫ್ಟಿ ಹಿಡಿಯುವುದು ಟ್ರಿಗರನ್ನು ಮಾತ್ರ — ಎಂದೆಲ್ಲ ಹೇಳುತ್ತ ಉಜ್ಜಿದ. ಮತ್ತೆ ಜೋಡಿಸಿ, ಖಾಲಿ ನಳಿಗೆಯಲ್ಲಿ ರಬ್ಬರ್ ಸುತ್ತಿಗೆಯಿಂದ ಹಿಂಬದಿಯನ್ನು ಕುಟ್ಟಿ ಕುಟ್ಟಿ ನೋಡಿದ. ಕೊಕ್ಕೆ ಅಲುಗಲಿಲ್ಲ. ಇಷ್ಟನ್ನೂ ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತ ಕೇಳಿದ್ದೇನೆ. ಅಂದರೆ ಮುಂದೆ ನಾನು ಆಡಿದ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗೆ ಇಲ್ಲ.

ಆ ವರ್ಷ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನಮ್ಮ ಗರಾಜಿನಲ್ಲಿ ಕಾರು, ಹಿಮ ತೆಗೆಯುವ ಸ್ನೋ ಬ್ಲೋವರು, ನನ್ನ ಲ್ಯಾಪ್‌ಟಾಪು, ಸುನಂದಾಳ ಈಳಿಗೆ ಇವುಗಳ ಸಾಲಿನಲ್ಲಿ ಬಂದೂಕನ್ನೂ ಇಟ್ಟೆವು. ಪೊನ್ನಪ್ಪ, ಅವನ ಹೆಂಡತಿ ದೇಚಮ್ಮ ಊಟಕ್ಕೆ ಬಂದಿದ್ದರು. ಸುನಂದಾ ಎಲ್ಲಕ್ಕೂ ಕುಂಕುಮ ಹಚ್ಚಿ, ಕಾರಿನ ಸ್ಟೇರಿಂಗಿಗೆ ಕಟ್ಟಿದಂತೆಯೇ ಬಂದೂಕಿಗೂ ಅರಿಶಿನದ ದಾರ ಕಟ್ಟಿದಳು. ಎಲ್ಲಿ ಕಟ್ಟುವುದೆಂದು ನೋಡಿ, ಟ್ರಿಗರುಗಳ ಸುತ್ತ ಬಳೆಯಂತಿರುವ ಲೋಹದ ಪಟ್ಟಿಗೆ ನಾಲ್ಕಾರು ಸುತ್ತು ಸುತ್ತಿ ಚೆಂಡುಹೂ ಸಿಕ್ಕಿಸಿದಳು.

“ನಮ್ಮಲ್ಲೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಉಂಟಕ್ಕ. ಆದ್ರೆ ಹೂ ನಳಿಗೆ ತುದಿಗೆ ಇಡೋದು,” ಎಂದ ಪೊನ್ನಪ್ಪ. ನನ್ನ ಕಡೆ ತಿರುಗಿ, “ಪೂಜೆ ಆದ್ಮೇಲೆ ಎಲ್ಲ ಬಿಚ್ಚಿಬಿಡು. ಒಂದೆಳೆನೂ ಬಿಡ್ಬೇಡ,” ಎಂದ.

ದಸರೆಯ ಮರುದಿನ ಹೂ ತೆಗೆದೆ. ದಾರಕ್ಕೆ ಕತ್ತರಿ ಹಿಡಿದಾಗ ಸುನಂದಾ, “ದಾರ ಕತ್ತರಸಬಾರದ್ರೀ. ಅದು ತಾನss ಸವದ ಬೀಳಬೇಕು,” ಎಂದಳು. ನಮ್ಮ ಮನೆಗಳಲ್ಲಿ ಹಾಗೇ. ಕಾರಿನ ಸ್ಟೇರಿಂಗಿನ ದಾರ ಮುಂದಿನ ದಸರೆಯವರೆಗೂ ಮಾಸಿ ಕರ್ರಗಾಗಿ ಅಲ್ಲೇ ಇರುತ್ತದೆ, ಯಾರಿಗೂ ತೊಂದರೆಯಿಲ್ಲ. ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಆದರೂ ಕತ್ತರಿ ಕೆಳಗಿಟ್ಟೆ. ಶ್ರದ್ಧೆಯಿಂದಲ್ಲ, ವಾದ ಬೇಡ ಎಂಬ ಸೋಮಾರಿತನದಿಂದ. ಬಂದೂಕನ್ನು ಬೇಸ್‌ಮೆಂಟಿನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಜಾರ್ಜ್‌ಟೌನಿನ ಉತ್ತರಕ್ಕೆ, ನಮಗೆ ಅನುಮತಿ ಕೊಟ್ಟಿದ್ದ ಒಬ್ಬ ರೈತನ ಜಮೀನಿಗೆ ಹೋದೆವು. ಜೋಳ ಕೊಯ್ದಾಗಿತ್ತು. ಹೊಲದಾಚೆ ಉಳುಮೆ ಬಿಟ್ಟ ನೆಲ, ಅಲ್ಲಿ ಮೈತುಂಬ ಉದ್ದುದ್ದ ಮುಳ್ಳಿರುವ ಹಾಥಾರ್ನ್ ಗಿಡಗಳು. ಗ್ರೌಸ್ ಹಕ್ಕಿ, ನಮ್ಮ ಕಾಡುಕೋಳಿಯ ನೆಂಟನಂಥದ್ದು, ಆ ಮುಳ್ಳಿನೊಳಗೆ ಕೂತು, ಕಾಲಬುಡಕ್ಕೆ ಹೋಗುವ ತನಕ ಸುಮ್ಮನಿದ್ದು, ಭರ್ರೆಂದು ಏಳುತ್ತದೆ. ಎದೆ ಝಲ್ಲೆನ್ನುವಷ್ಟರಲ್ಲಿ ಮಾಯ. ಆ ಋತುವಿನಲ್ಲಿ ನಾನು ಒಂದನ್ನೂ ಹೊಡೆದಿರಲಿಲ್ಲ.

“ಹಕ್ಕಿ ನಿನ್ನ ಪರ್ಮಿಶನ್ ಕೇಳಿ ಹಾರಲ್ಲ ಕುಲಕರ್ಣಿ. ಮೀಟಿಂಗ್ ಇನ್ವೈಟ್ ಕಳಿಸ್ಬೇಕಿತ್ತು ನೀನು.”

“ಹೌದ್ ಹೌದು. ನೀ ನಗು. ಇವತ್ತ ನೋಡ್ತಿ.”

ಇದು ತಮಾಷೆ. ನಾನೂ ನಕ್ಕೆ. ಆದರೆ — ಇಲ್ಲಿ ನಿಧಾನಿಸಬೇಕು — ಆ ನಗುವಿನ ಕೆಳಗೆ ನನಗೆ ಉರಿಯುತ್ತಿತ್ತು. ಆ ದಿನ ಅವನಿಗಿಂತ ಮೊದಲು ನಾನು ಹೊಡೆಯಬೇಕು ಎಂದು ನಿರ್ಧರಿಸಿಕೊಂಡೇ ಮನೆಯಿಂದ ಹೊರಟಿದ್ದೆ. ಆದ್ದರಿಂದ ಮುಳ್ಳುಗಿಡಗಳೊಳಗೆ ಕಾಲಿಟ್ಟ ಕೂಡಲೇ, ಹಕ್ಕಿ ಏಳುವ ಮೊದಲೇ, ಹೆಬ್ಬೆರಳಿನಿಂದ ಸೇಫ್ಟಿಯನ್ನು ಮುಂದಕ್ಕೆ ತಳ್ಳಿದೆ. ಹಾಗೆ ಮಾಡಬಾರದು. ಬಂದೂಕು ಹೆಗಲಿಗೇರುವಾಗ ತೆಗೆಯುವುದು ಸೇಫ್ಟಿ. ಕೋರ್ಸಿನಲ್ಲಿ ಅದನ್ನು ಹೇಳಿಕೊಟ್ಟಿದ್ದರು, ಪೊನ್ನಪ್ಪ ಹೇಳಿಕೊಟ್ಟಿದ್ದ. ಪರೀಕ್ಷೆಯಲ್ಲಿ ನಾನೇ ಬರೆದು ಪಾಸಾಗಿದ್ದೆ.

ಅವನು ಬಲಕ್ಕೆ, ನನಗಿಂತ ಸ್ವಲ್ಪ ಮುಂದೆ ಇದ್ದ. ಒಂದು ಕೊಂಬೆ ನನ್ನ ತೋಳಿಗೆ ಅಡ್ಡ ಬಂತು. ಬಂದೂಕನ್ನು ಎದೆಗೆ ಒತ್ತಿಕೊಂಡು ಮೈ ತಿರುಗಿಸಿ ನುಗ್ಗಿದೆ. ನಳಿಗೆ ಬಲಕ್ಕೆ ಹೊರಳಿತು. ಏನೋ ಜಗ್ಗಿತು. ನಾನು ಇನ್ನೂ ಜೋರಾಗಿ ಎಳೆದುಕೊಂಡೆ.

ಆಮೇಲಿನದು ನನ್ನ ನೆನಪಿನಲ್ಲಿ ತುಂಡು ತುಂಡಾಗಿದೆ. ಸದ್ದು ನೆನಪಿಲ್ಲ. ಪೊನ್ನಪ್ಪ ಮಂಡಿಯೂರಿ, ಎರಡೂ ಕೈಗಳಿಂದ ಎಡಗಿವಿ ಮುಚ್ಚಿಕೊಂಡಿದ್ದದ್ದು ನೆನಪಿದೆ. ಅವನ ಆಚೆ ಒಂದು ಕೊಂಬೆ ಸೀಳಿ ಬೆಳ್ಳಗೆ ಕಾಣುತ್ತಿತ್ತು — ಅವನ ತಲೆಯ ಎತ್ತರದಲ್ಲಿ. ಕೆಳಗೆ ನೋಡಿದೆ. ಅರಿಶಿನದ ದಾರ ಸಡಿಲವಾಗಿ ಟ್ರಿಗರಿಗೆ ಸುತ್ತಿಕೊಂಡಿತ್ತು, ಅದರ ಇನ್ನೊಂದು ಕುಣಿಕೆ ಉದ್ದನೆಯ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಎಷ್ಟು ಸುತ್ತು ಉಳಿದಿದ್ದವು ಎಂದು ಈಗ ಕೇಳಿದರೆ ತಡವರಿಸುತ್ತೇನೆ. ಆದರೆ ಅದನ್ನು ನನ್ನ ಬೆರಳುಗಳು ಬಿಡಿಸಿದ್ದು, ಹರಿದದ್ದು, ಜಾಕೆಟಿನ ಜೇಬಿಗೆ ತುರುಕಿದ್ದು, ಸೇಫ್ಟಿಯನ್ನು ಹಿಂದಕ್ಕೆ ಸರಿಸಿದ್ದು — ಇದರಲ್ಲಿ ನನಗೆ ಸಂಶಯವೇ ಇಲ್ಲ. ಗೆಳೆಯ ಬದುಕಿದ್ದಾನೋ ಇಲ್ಲವೋ ಎಂದು ನೋಡುವ ಮೊದಲು ನಾನು ದಾರ ಬಿಡಿಸಿದೆ.

ಹತ್ತಿರ ಹೋದಾಗ ಅವನು ತಲೆಯೆತ್ತಿದ. ರಕ್ತವಿರಲಿಲ್ಲ. ತನ್ನದೇ ದನಿ ತನಗೆ ಕೇಳದವನ ಹಾಗೆ ಕಿರುಚಿ ಮಾತಾಡಿದ.

“ಸೇಫ್ಟಿ? ಸೇಫ್ಟಿ ಹಾಕಿತ್ತಾ?”

“ಹಾಕೇ ಇತ್ತು ಪೊನ್ನಪ್ಪ. ತಾನಾಗೇ ಹಾರ್ತು.”

ಅವನು ಬಂದೂಕನ್ನು ನೋಡಿದ. ನನ್ನನ್ನು ನೋಡಲಿಲ್ಲ. ಅವನ ಮುಖದಲ್ಲಿ ನೋವು ಇದ್ದ ಜಾಗಕ್ಕೆ ಬೇರೆ ಏನೋ ಬಂತು. ಸೇಫ್ಟಿ ಹಾಕಿದ್ದೂ ಹಾರಿತೆಂದರೆ ಕೊಕ್ಕೆ ಜಾರಿದೆ. ಕೊಕ್ಕೆ ಜಾರಿದೆ ಎಂದರೆ ಅದನ್ನು ಉಜ್ಜಿದ ಕೈ ತಪ್ಪಿದೆ. ಅವನು ಆ ಲೆಕ್ಕ ಹಾಕುವುದನ್ನು ನಾನು ನಿಂತು ನೋಡಿದೆ.

“ಸಾರಿ ಮಾರಾಯ,” ಎಂದ. “ಜಾಸ್ತಿ ಉಜ್ಜಿಬಿಟ್ಟೆ. ನಿನ್ನ ಕಡೆ ತಿರುಗಿದ್ರೆ ನೀನೇ ಹೋಗ್ತಿದ್ದೆ. ಸಾರಿ.”

ಕಿವಿ ಕಳೆದುಕೊಂಡವನು ನನ್ನ ಕ್ಷಮೆ ಕೇಳಿದ. ನಾನು ಏನು ಹೇಳಿದೆ? “ಇರಲಿ ಬಿಡು,” ಎಂದೆ. ಕ್ಷಮಿಸಿದೆ. ಆ ಒಂದು ಮಾತಿನಷ್ಟು ಹೇಸಿಗೆ ನನಗೆ ಬೇರೆ ಯಾವುದರ ಮೇಲೂ ಇಲ್ಲ. ಸುಳ್ಳನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದೇನೋ. ಆದರೆ ‘ಇರಲಿ ಬಿಡು’ ಎನ್ನುವಾಗ ನಾನು ಗಾಬರಿಯಲ್ಲಿರಲಿಲ್ಲ. ದೊಡ್ಡ ಮನಸ್ಸಿನವನ ಹಾಗೆ ಅವನ ಬೆನ್ನ ಮೇಲೆ ಕೈಯಿಟ್ಟಿದ್ದೆ.

ದಾರವನ್ನು ಹಿಂದಿರುಗುವಾಗ ಕಾಫಿ ಅಂಗಡಿಯೊಂದರ ಕಸದ ಡಬ್ಬಿಗೆ ಹಾಕಿದೆ.

ಅವನ ಎಡಗಿವಿಯಲ್ಲಿ ಒಂದು ಕೀರಲು ಸದ್ದು ಶಾಶ್ವತವಾಗಿ ಉಳಿಯಿತು, ಅದರ ಹಿಂದೆ ಮಾತು ಕೇಳಿಸುವುದು ಕಡಿಮೆಯಾಯಿತು. ಕೆಲವು ದಿನಗಳ ಮೇಲೆ ಅವನು ಫೋನು ಮಾಡಿ, “ಆ ಕೋವಿ ತಗೊಂಡು ಬಾ. ಬಿಚ್ಚಿ ನೋಡ್ಬೇಕು. ಎಲ್ಲಿ ತಪ್ಪಿದೆ ಅಂತ ನಂಗೆ ಗೊತ್ತಾಗ್ಬೇಕು,” ಎಂದ. ಬಿಚ್ಚಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಕೊಕ್ಕೆ ಅವನು ಜೋಡಿಸಿದಂತೆಯೇ ಇದೆ ಎಂದು ತಿಳಿದು, ನನ್ನ ಕಡೆ ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ. ಅದಕ್ಕೇ ಎರಡನೆಯ ಸುಳ್ಳು. “ಪೊಲೀಸರಿಗೆ ಕೊಟ್ಟಬಿಟ್ಟೆ. ಅಂಥಾದ್ದು ಮನ್ಯಾಗ ಬ್ಯಾಡ ಅಂತ.” ಸುನಂದಾಳಿಗೂ ಹಾಗೇ ಹೇಳಿದೆ. ಬಂದೂಕು ಬೇಸ್‌ಮೆಂಟಿನ ಕಪಾಟಿನಲ್ಲೇ ಇತ್ತು. ಬೀಗದ ಕೈ ನನ್ನ ಹತ್ತಿರ.

ಯಾಕೆ ನಿಜವಾಗಿಯೂ ಕೊಟ್ಟುಬಿಡಲಿಲ್ಲ? ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ವಿಚಿತ್ರವಾದದ್ದು. ನನಗೆ ಒಂದು ಆಸೆಯಿತ್ತು. ಮುಂದಿನ ವಸಂತದಲ್ಲಿ ಒಂದು ಮಧ್ಯಾಹ್ನ, ಆಫೀಸಿಗೆ ರಜೆ ಹಾಕಿ, ಯಾರಿಗೂ ಹೇಳದೆ ಬಂದೂಕನ್ನು ಅದೇ ರೈತನ ಜಮೀನಿಗೆ ಒಯ್ದೆ. ಖಾಲಿ ನಳಿಗೆಯಲ್ಲೇ ಹಿಂಬದಿಯನ್ನು ನೆಲಕ್ಕೆ ಕುಟ್ಟಿದೆ. ಮರದ ದಿಮ್ಮಿಗೆ ಕುಟ್ಟಿದೆ. ಕಿವಿಗೊಟ್ಟು ಕೇಳಿದೆ — ಒಳಗೆ ಎಲ್ಲಾದರೂ ಕೊಕ್ಕೆ ಜಾರಿದ ‘ಟಕ್’ ಬರಲಿ ಎಂದು. ಒಮ್ಮೆ ಜಾರಿದರೆ ಸಾಕಿತ್ತು; ನನ್ನ ಸುಳ್ಳು ಅಷ್ಟರಮಟ್ಟಿಗೆ ನಿಜವಾಗುತ್ತಿತ್ತು. ಜಾರಲಿಲ್ಲ. ಆಮೇಲೆ ತೋಟಾ ತುಂಬಿ ಮಣ್ಣಿನ ದಿಬ್ಬಕ್ಕೆ ಹೊಡೆದೆ. ಟ್ರಿಗರು ಎಳೆದಾಗ ಹಾರಿತು, ಎಳೆಯದಿದ್ದಾಗ ಸುಮ್ಮನಿತ್ತು. ಎಳೆತ ಎಷ್ಟು ಹಗುರ, ಎಷ್ಟು ಹದ! ಅಷ್ಟು ಅಗ್ಗದ ಬಂದೂಕಿನಲ್ಲಿ ಅಷ್ಟು ಒಳ್ಳೆಯ ಕೆಲಸ ಬೇರೆ ಯಾರೂ ಮಾಡಿರಲಾರರು. ಅದನ್ನು ಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ. ಮನೆಗೆ ತಂದು ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಬೀಗ ಹಾಕಿದೆ.

ಆ ಹೊತ್ತಿಗೆ ಪೊನ್ನಪ್ಪ ತನ್ನ ಕೋವಿಯನ್ನು ಮಾರಿಬಿಟ್ಟಿದ್ದ. ಗರಾಜೂ ಮುಚ್ಚಿತು. ಯಾರೋ ಮಿಕ್ಸರು ತಂದರೆ, “ಹೊಸದು ತಗೊಳ್ಳಿ, ಈಗೆಲ್ಲ ಸಿಗ್ತದೆ,” ಎಂದು ಕಳಿಸುತ್ತಿದ್ದ. ಒಮ್ಮೆ ದೇಚಮ್ಮ ನನ್ನೆದುರೇ ಬೈದಳು: “ಕುಕ್ಕರಿನ ಹಿಡಿ ಒಂದು ಸ್ಕ್ರೂ ಕುಲಕರ್ಣಿಯವ್ರೆ, ಒಂದೇ ಒಂದು ಸ್ಕ್ರೂ! ಅದನ್ನೂ ಹಾಕ್ಕೊಡಲ್ಲ ಈ ಮನುಷ್ಯ.” ಅವನು ನಕ್ಕು ಕೈಗಳನ್ನು ತಿರುವಿ ನೋಡಿಕೊಂಡ. “ನಡುಗೋದಿಲ್ಲ. ನಂಬಿಕೆ ಇಲ್ಲ, ಅಷ್ಟೆ. ಆ ಸ್ಕ್ರೂ ಸಡಿಲ ಆಗಿ ಬಿಸಿ ಕುಕ್ಕರ್ ನಿನ್ನ ಕಾಲ ಮೇಲೆ ಬಿದ್ರೆ?” ನಾನು ಆಗ ದೇಚಮ್ಮ ಮಾಡಿದ ಪಂದಿಕರಿ ತಿನ್ನುತ್ತಿದ್ದೆ. ತಟ್ಟೆ ನೋಡುತ್ತ ತಿಂದು ಮುಗಿಸಿದೆ.

ಇನ್ನೊಂದನ್ನು ಬಿಟ್ಟುಬಿಡಲು ಮನಸ್ಸು ಹೇಳುತ್ತಿದೆ. ಆದ್ದರಿಂದಲೇ ಬರೆಯುತ್ತೇನೆ. ರಿಚ್ಮಂಡ್ ಹಿಲ್‌ನ ಗುಡಿಯ ಊಟದ ಹಾಲಿನಲ್ಲಿ, ಅಲ್ಲಿ ಇಲ್ಲಿ ಮನೆಯ ಬೇಸ್‌ಮೆಂಟು ಪಾರ್ಟಿಗಳಲ್ಲಿ ಜನ ನನ್ನನ್ನು ಕೇಳುತ್ತಿದ್ದರು. ಪೊನ್ನಪ್ಪನಿಗೆ ಏನಾಯಿತು ಎಂದು. ನಾನು ಹೇಳುತ್ತಿದ್ದೆ. ಬಂದೂಕು ಅಗ್ಗದ್ದು, ಅವನೇ ರಿಪೇರಿ ಮಾಡಿದ್ದ, ತಾನಾಗಿ ಹಾರಿತು, ದೇವರು ದೊಡ್ಡವನು. ಹೇಳಿ ಹೇಳಿ ಕಥೆಗೆ ಒಂದು ಹದ ಬಂದಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರೆಳೆದು ತಲೆಯಾಡಿಸಬೇಕು ಎಂದು ಗೊತ್ತಿತ್ತು. ಯಾರೋ ಒಬ್ಬರು, “ಫ್ರೀ ಸರ್ವಿಸ್ ಅಂದ್ರೆ ಇದೇ ನೋಡ್ರಿ,” ಎಂದು ನಕ್ಕರು. ನಾನೂ ನಕ್ಕೆ. ಇಂದು ಇದನ್ನು ಅಚ್ಚಿಗೆ ಕೊಡುತ್ತಿರುವುದು ಆ ನಕ್ಕವರಿಗಾಗಿ, ಆ ಹಾಲಿನಲ್ಲಿ ಕೇಳಿದವರಿಗಾಗಿ. ಪೊನ್ನಪ್ಪನ ಕೈಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ನಿಮಗೆ ಬೇರೆ ಹೇಳಿದವನು ನಾನು.

ಕಳೆದ ಮಾರ್ಚಿನಲ್ಲಿ ಅವನ ತಾಯಿ ಊರಿನಲ್ಲಿ ತೀರಿಕೊಂಡರು. ಭಾನುವಾರ ಬೆಳಿಗ್ಗೆ ಸುದ್ದಿ ಬಂತು. ವಿಮಾನ ಹತ್ತಿದರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವಂತಿರಲಿಲ್ಲ. ನಾನು, ಸುನಂದಾ ಹೋದಾಗ ಅವನು ಅಡುಗೆಮನೆಯಲ್ಲಿ ನಿಂತೇ ಇದ್ದ. ನನ್ನನ್ನು ಹಿಂಬಾಗಿಲ ಹತ್ತಿರ ಕರೆದ.

“ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು. ಯಾರಾದ್ರೂ ಹೋದ್ರೆ ಎರಡು. ಊರಿಗೆ ಗೊತ್ತಾಗ್ಬೇಕಲ್ಲ,” ಎಂದ. “ಅಲ್ಲಿ ತಮ್ಮ ಹಾರ್ಸಿದ್ದಾನೆ. ಆದ್ರೆ ದೊಡ್ಡ ಮಗ ನಾನು. ಯಾರ ಹತ್ರನಾದ್ರೂ ಜೋಡುನಳಿಗೆ ಉಂಟಾ? ಆ ರೈತನ ಹೊಲಕ್ಕೆ ಹೋಗುವ. ನಾನು ಮುಟ್ಟಲ್ಲ. ನೀನು ಹಾರ್ಸು. ನಾನು ಪಕ್ಕದಲ್ಲಿ ನಿಲ್ತೇನೆ.”

ಬಂದೂಕು ನಮ್ಮ ಮನೆಯಲ್ಲಿತ್ತು. ನಡೆದು ಹೋಗಿ ತರಬಹುದಾದಷ್ಟು ಹತ್ತಿರ. ತಂದಿದ್ದರೆ, ಅದನ್ನು ಅವನು ಒಂದೇ ನೋಟಕ್ಕೆ ಗುರುತಿಸುತ್ತಿದ್ದ.

“ಇಲ್ಲ ಪೊನ್ನಪ್ಪ,” ಎಂದೆ. “ಯಾರ ಕಡೆನೂ ಇಲ್ಲ.”

ಅವನು ತಲೆಯಾಡಿಸಿ ಗರಾಜಿಗೆ ಹೋದ. ದೀಪಾವಳಿಗೆ ಬ್ರಾಂಪ್ಟನ್ನಿನಿಂದ ತಂದು ಉಳಿದಿದ್ದ ಪಟಾಕಿಗಳಲ್ಲಿ ಎರಡನ್ನು ಆರಿಸಿಕೊಂಡು ಬಂದ. ಹಿತ್ತಿಲಲ್ಲಿ ಅರ್ಧ ಕರಗಿದ ಹಿಮ. ಒಂದು ಹಲಗೆ ಹಾಸಿ, ಅದರ ಮೇಲೆ ಇಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹಿಮದ ಮೇಲೆ ನಿಂತು ಹಚ್ಚಿದ. ಮೊದಲನೆಯದು ಸಿಡಿಯಿತು. ಎರಡನೆಯದರ ಬತ್ತಿ ಉರಿದು, ಸುಸ್ಸೆಂದು ಹೊಗೆಯಾಡಿ ಆರಿಹೋಯಿತು. ಪಕ್ಕದ ಮನೆಯವಳು ಬೇಲಿಯ ಮೇಲಿಂದ ಎಲ್ಲ ಸರಿಯಿದೆಯೇ ಎಂದು ಕೇಳಿದಳು. ದೇಚಮ್ಮ ಹೋಗಿ ಏನೋ ಹೇಳಿದಳು.

ಪೊನ್ನಪ್ಪ ಆ ಆರಿದ ಪಟಾಕಿಯನ್ನೇ ನೋಡುತ್ತಿದ್ದ. “ಒಂದೇ ಆಯ್ತಲ್ಲ ಮಾರಾಯ,” ಎಂದ. “ಒಂದೇ ಕೇಳಿದ್ರೆ ಮಗು ಹುಟ್ಟಿತು ಅಂದ್ಕೊಳ್ತಾರೆ.” ನಗಲು ಹೋಗಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ಅವನು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಚಪ್ಪಲಿಗಳನ್ನು ತಂದು ಅವನ ಪಾದಗಳ ಹತ್ತಿರ ಇಟ್ಟೆ. ನನ್ನಿಂದ ಅಂದು ಆದ ಉಪಕಾರ ಅಷ್ಟು.

ಸುನಂದಾಳಿಗೆ ಹೇಳಿದ್ದು ಕೆಲವು ವಾರಗಳ ಮೇಲೆ. ಅವಳು ಕೊತ್ತಂಬರಿ ಸೋಸುತ್ತಿದ್ದಳು. ಎಲ್ಲ ಹೇಳಿದೆ. ಇಷ್ಟು ದಿನ ಮುಚ್ಚಿಟ್ಟದ್ದು ನಿನಗೆ ನೋವಾಗಬಾರದು ಎಂದು — ಎಂದೂ ಸೇರಿಸಿದೆ.

“ನಾ ಕಟ್ಟಿದ್ ದಾರ,” ಎಂದಳು. ಕೊತ್ತಂಬರಿಯನ್ನು ಬದಿಗೆ ಸರಿಸಿದಳು. ಆಮೇಲೆ, “ನನ್ನ ಹೆಸರ ಮುಂದ ಮಾಡಬ್ಯಾಡ್ರಿ. ನನಗ ನೋವಾಗ್ತದಂತ ನೀವು ಸುಮ್ಮನಿದ್ದಿಲ್ಲ. ಪೊನ್ನಪ್ಪಣ್ಣಗ ಹೇಳ್ರಿ. ನನಗ ಹೇಳಿ ಹಗುರ ಆಗಬ್ಯಾಡ್ರಿ,” ಎಂದಳು.

ಅವಳು ಹೇಳಿದ್ದು ಸರಿ. ದಾರದ ವಿಷಯವನ್ನೂ ನಾನು ಇಲ್ಲಿ ಉದ್ದಕ್ಕೆ ಬರೆದಿದ್ದೇನೆ ಎಂಬುದು ಈಗ ಕಾಣುತ್ತಿದೆ. ಕಟ್ಟಿದವಳು ಅವಳು, ಸಿಕ್ಕಿದ್ದು ಮುಳ್ಳಿಗೆ, ಸಂಪ್ರದಾಯ ಯಾರದೋ — ಹೀಗೆ ಹಂಚುತ್ತ ಹೋದರೆ ನನ್ನ ಪಾಲಿಗೆ ಏನೂ ಉಳಿಯದು. ಸೇಫ್ಟಿ ಹಾಕಿದ್ದರೆ ಆ ದಾರ ಎಷ್ಟು ಜಗ್ಗಿದರೂ ಏನೂ ಆಗುತ್ತಿರಲಿಲ್ಲ. ಸೇಫ್ಟಿ ತೆಗೆದದ್ದು ನನ್ನ ಹೆಬ್ಬೆರಳು. ತೆಗೆದದ್ದು ಗೆಳೆಯನಿಗಿಂತ ಮೊದಲು ಹೊಡೆಯಬೇಕೆಂದು.

ಅದೇ ದಿನ ಸಂಜೆ ಪೊನ್ನಪ್ಪನ ಮನೆಗೆ ಹೋದೆ. ಮನೆಮುಂದಿನ ಮೆಟ್ಟಿಲ ಮೇಲೆ ಕೂತೆವು. ಸೇಫ್ಟಿ ತೆಗೆದಿದ್ದೆ ಎಂದೆ. ದಾರ ಬಿಚ್ಚಿರಲಿಲ್ಲ, ಅದು ಮುಳ್ಳಿಗೆ ಸಿಕ್ಕಿತು, ನೀನು ಕಿವಿ ಹಿಡಿದು ಕೂತಿದ್ದಾಗ ಅದನ್ನು ಹರಿದು ಜೇಬಿಗೆ ಹಾಕಿಕೊಂಡೆ ಎಂದೆ. ಅವನು ಬೀದಿಯನ್ನು ನೋಡುತ್ತಿದ್ದ.

“ಹಾಗಾದ್ರೆ ಕೊಕ್ಕೆ ಸರಿ ಇತ್ತಾ?”

“ಸರಿ ಇತ್ತು. ಈಗೂ ಸರಿ ಅದ.”

“ಈಗೂ ಅಂದ್ರೆ? ಪೊಲೀಸ್ರಿಗೆ ಕೊಟ್ಟೆ ಅಂದಿದ್ದೆ.”

“ಕೊಟ್ಟಿಲ್ಲ. ಬೇಸ್‌ಮೆಂಟಿನಾಗ ಅದ.”

ಅವನು ಆಗ ನನ್ನ ಕಡೆ ತಿರುಗಿದ. “ಅಮ್ಮ ಹೋದ ದಿನ?”

“ಆವತ್ತೂ ಇತ್ತು.”

ಒಳಗಿನಿಂದ ದೇಚಮ್ಮ ಕಾಫಿ ಬೇಕೇ ಎಂದು ಕೇಳಿದಳು. ಅವನು ಮೊಣಕಾಲಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡುತ್ತಿದ್ದ — ಯಾರೋ ಬಹಳ ವರ್ಷ ಇಟ್ಟುಕೊಂಡು ಈಗ ವಾಪಸು ಕೊಟ್ಟ ಸಾಮಾನನ್ನು ನೋಡುವವನ ಹಾಗೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಒಂದು ಸ್ಕ್ರೂ ತಿರುಗಿಸ್ಲಿಕ್ಕೂ ನಾನು ಹೆದರ್ತಿದ್ದೆ ಕುಲಕರ್ಣಿ. ಇಷ್ಟು ವರ್ಷ. ಅದು ನಿಂಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. ಅಷ್ಟೊಂದು ಅಂತ ಅಂದುಕೊಂಡಿರಲಿಲ್ಲ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಅವನು ಅದನ್ನೂ ನಂಬುತ್ತಿದ್ದನೋ ಏನೋ.

“ಗೊತ್ತಿತ್ತು,” ಎಂದೆ.

ಅವನು ಎದ್ದು ಒಳಗೆ ಹೋದ.